ಗೂಡು ಮುಟ್ಟಬೇಡಿ

ನಮ್ಮ ಅತ್ತಿಗೆ ಬಸ್ ಕಂಡಕ್ಟರ್ ಆಗಿದ್ದವರು. ಟಿಕೆಟ್ ಹರಿದೂ ಹರಿದೂ ಬೆರಳು ಸವೆದವೋ ಏನೋ, ಗಂಟಲಂತೂ ಸವೆಯಲಿಲ್ಲ. ನಿವೃತ್ತಿಯಾದ ಮೇಲೂ ಮನೆಯ ಬಾಗಿಲಲ್ಲಿ ನಾಲ್ಕು ಜನ ಗುಂಪಾಗಿ ನಿಂತರೆ ಸಾಕು, ಅಡುಗೆಮನೆಯಿಂದಲೇ "ಒಳಗೆ ಬನ್ನಿ, ಒಳಗೆ ಬನ್ನಿ, ಜಾಗ ಇದೆ" ಎಂದು ಕೂಗುತ್ತಿದ್ದರು. ಬಂದವರು ನೆಂಟರೋ, ಮೀಟರ್ ಓದುವವರೋ ಅವರಿಗೆ ಬೇಕಿರಲಿಲ್ಲ. ಬಾಗಿಲಲ್ಲಿ ನಿಂತವರು ಒಳಗೆ ಬರಬೇಕು, ಅಷ್ಟೇ.

ನಾನು ಹೊಲಿಗೆಯವಳು. ಪೇಟೆ ಬೀದಿಯಲ್ಲಿ ಒಂದು ಕೋಣೆ, ಎರಡು ಮಿಷನ್ನು, ಒಂದು ಉದ್ದ ಕನ್ನಡಿ. ಅತ್ತಿಗೆ ನನ್ನನ್ನು ಕರೆಯುವುದು 'ಸೂಜಿ' ಎಂದು. ಕಸುಬಿನಿಂದ ಬಂದ ಹೆಸರೆಂದು ಹೊರಗಿನವರು ತಿಳಿದುಕೊಂಡಿದ್ದಾರೆ. ಮನೆಯವರಿಗೆ ನನ್ನ ನಾಲಿಗೆಯ ಪರಿಚಯವಿದೆ.

ಅಣ್ಣನದು ಇಟ್ಟಿಗೆ ಗೂಡು. ಅಪ್ಪನ ಕಾಲದಿಂದ ಬಂದದ್ದು. ಊರಾಚೆ ನದಿ ಬಳುಕಿ ತಿರುಗುವ ಕಡೆ ನಮ್ಮ ಜಮೀನು. ಅಲ್ಲಿಯ ಮಣ್ಣನ್ನು ಅಗೆದು, ಕಲಸಿ, ಅಚ್ಚಿಗೆ ಬಡಿದು, ಒಣಗಿಸಿ, ಗೂಡಿಗೆ ಜೋಡಿಸಿ ಬೆಂಕಿ ಕೊಡುತ್ತಿದ್ದರು. ಊರಿನ ಅರ್ಧ ಗೋಡೆಗಳು ನಮ್ಮ ದಂಡೆಯಿಂದ ಎದ್ದು ಹೋದವೇ. ಊರವರ ಬಾಯಲ್ಲಿ ಅಣ್ಣ 'ಗೂಡಣ್ಣ'. ನಮ್ಮ ಮನೆಯಲ್ಲಿ ಗೂಡು ಎಂದರೆ ಅದೊಂದೇ. "ಅಣ್ಣ ಎಲ್ಲಿ?" "ಗೂಡಿನ ಹತ್ತಿರ." "ಊಟಕ್ಕೆ ಬರಲಿಲ್ವಾ?" "ಗೂಡಿಗೆ ಬೆಂಕಿ ಕೊಟ್ಟಿದ್ದಾನೆ, ಹೇಗೆ ಬರ್ತಾನೆ?" ಅಪ್ಪನ ಕಾಲದಿಂದಲೂ ನಮ್ಮ ಮಾತೇ ಹೀಗೆ. ಹಕ್ಕಿಗೂ ಗೂಡಿರುತ್ತದೆ ಎನ್ನುವುದು ಶಾಲೆಯ ಪುಸ್ತಕದಲ್ಲಿ ಓದಿ ಮರೆತ ಸಂಗತಿ. ಮುಂದೆ ಆದ ಅವಾಂತರಕ್ಕೆಲ್ಲ ಇದೇ ಮೂಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಒಳ್ಳೆಯ ಮಣ್ಣು ಮುಗಿಯಿತು, ಗೂಡು ಆರಿತು. ಮಣ್ಣು ತೆಗೆದ ಕಡೆ ದೊಡ್ಡ ಹೊಂಡ ಉಳಿಯಿತು. ಹೊಂಡದ ಒಂದು ಬದಿಗೆ, ಎರಡಾಳೆತ್ತರಕ್ಕೆ ನೆಟ್ಟಗೆ ಕಡಿದ ಮಣ್ಣಿನ ದಂಡೆ. ಒಮ್ಮೆ ನದಿ ಉಕ್ಕಿದಾಗ ಹೊಂಡಕ್ಕೆ ನೀರು ನುಗ್ಗಿತು, ನುಗ್ಗಿದ್ದು ಅಲ್ಲೇ ಠಿಕಾಣಿ ಹೂಡಿತು. ಜೊಂಡು ಬೆಳೆಯಿತು. ಆಮೇಲೆ ಒಂದೊಂದೇ ಜೀವ, ಯಾರ ಅಪ್ಪಣೆಯನ್ನೂ ಕೇಳದೆ, ಬಂದು ಸೇರಿಕೊಂಡಿತು. ಮಿಂಚುಳ್ಳಿ ಬಂತು, ಆಮೆ ಬಂತು. ಮೀಸೆ ಹೊತ್ತ ನೀರುನಾಯಿಗಳ ಒಂದು ಸಂಸಾರ ನದಿಗೂ ಹೊಂಡಕ್ಕೂ ಓಡಾಡತೊಡಗಿತು. ಬಿಸಿಲೇರುವ ಕಾಲಕ್ಕೆ ಹಸಿರು ಬಣ್ಣದ, ಬಾಲದಲ್ಲಿ ಕಡ್ಡಿ ಸಿಕ್ಕಿಸಿಕೊಂಡಂಥ ಹಕ್ಕಿಗಳು ಹಿಂಡಾಗಿ ಬಂದು, ದಂಡೆಯಲ್ಲಿ ತೂತು ಕೊರೆದು ಮರಿ ಮಾಡಿ, ಚಳಿ ಬರುವ ಮುಂಚೆ ಹೋಗುತ್ತಿದ್ದವು.

ಇದನ್ನೆಲ್ಲ ಕಂಡವರು ಅತ್ತಿಗೆ. ನಿವೃತ್ತಿಯಾದ ಮರುದಿನ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತೋಚದೆ, ಆರಿದ ಗೂಡಿನ ಹತ್ತಿರವೇ ಹೊತ್ತು ಕಳೆಯುತ್ತಿದ್ದ ಗಂಡನಿಗೆ ತಿಂಡಿ ಕೊಡುವ ನೆಪದಲ್ಲಿ ದಂಡೆಗೆ ಹೋದರಂತೆ. ಮಧ್ಯಾಹ್ನದವರೆಗೆ ಬರಲೇ ಇಲ್ಲ. ಸೀರೆಯ ಅಂಚಿಗೆಲ್ಲ ಮುಳ್ಳುಬೀಜ ಅಂಟಿಸಿಕೊಂಡು ನನ್ನ ಅಂಗಡಿಗೆ ಬಂದು, "ಸೂಜಿ, ನಮ್ಮದು ಅಂತ ಹೇಳ್ಕೊಳ್ಳೋ ಜಾಗದಲ್ಲಿ ಏನೇನಿದೆ ಅಂತ ನಮಗೇ ಗೊತ್ತಿಲ್ವಲ್ಲೇ" ಎಂದರು. ನಾನು ಅವರ ಸೀರೆಯಿಂದ ಮುಳ್ಳು ಕೀಳುತ್ತಾ ಕೂತೆ. ನನಗೆ ಹಕ್ಕಿ ಎಂದರೆ ಒಣಹಾಕಿದ ಬಟ್ಟೆಯ ಮೇಲೆ ಹಿಕ್ಕೆ ಹಾಕುವ ಜಾತಿ. ಆದರೂ ಅವರ ಮುಖ ನೋಡಿ ಸುಮ್ಮನಿದ್ದೆ.

ಒಬ್ಬರೇ ಸುಖಪಡುವುದು ಅತ್ತಿಗೆಗೆ ಗೊತ್ತಿಲ್ಲದ ವಿದ್ಯೆ. ಒಂದೆರಡು ತಿಂಗಳಲ್ಲಿ ಓಣಿಯ ಅರ್ಧ ಜನ ಅವರ ಹಿಂದೆ ದಂಡೆಗೆ ಹೊರಟಿದ್ದರು. ಮಂಡಿ ನೋವಿನವರು, ಮಕ್ಕಳನ್ನು ಮನೆಯಲ್ಲಿ ಹಿಡಿದಿಡಲಾರದ ತಾಯಂದಿರು, ರಾತ್ರಿ ಪಾಳಿ ಮುಗಿಸಿ ನಿದ್ದೆ ಬಾರದ ಕಾವಲುಗಾರ, ಯಾರೆಂದರೆ ಯಾರು. ಮನೆಯಲ್ಲಿ ಕಿರುಚಾಡುವವರು ಅಲ್ಲಿ ಪಿಸುಮಾತಾಡುತ್ತಿದ್ದರು.

ತೊಂದರೆ ಒಂದಿತ್ತು. ಜನ ನೇರ ದಂಡೆಯ ಬುಡಕ್ಕೇ ಹೋಗಿ ತೂತಿನೊಳಗೆ ಇಣುಕುತ್ತಿದ್ದರು, ಕೆಲವರು ಕಡ್ಡಿ ತೂರಿಸುತ್ತಿದ್ದರು. ಹಕ್ಕಿಗಳು ಗಾಬರಿಯಾಗಿ ಮೇಲೆ ಸುತ್ತುತ್ತಿದ್ದವು. ಬೈದರೆ ಕೇಳುವ ಜನವೇ ಇವರು? ಅತ್ತಿಗೆ ಬೈಯಲಿಲ್ಲ. ಹೊಂಡದ ಆಚೆ ಬದಿಯ ಮರದ ನೆರಳಿಗೆ ಹಳೆಯ ದಿಮ್ಮಿಗಳನ್ನು ಉರುಳಿಸಿ, ಬೆನ್ನಿಗೆ ಹಲಗೆ ಹೊಡೆಸಿ ಆಸನ ಮಾಡಿಸಿದರು. ಅಲ್ಲಿ ಕೂತರೆ ಎದುರಿಗೆ ಇಡೀ ದಂಡೆ ಕಾಣುತ್ತದೆ, ನಡುವೆ ನೀರು. "ಬಸ್ಸಲ್ಲೂ ಇದೇ ಕಣೇ. ಮುಂದೆ ಹೋಗಿ ಅಂತ ಎಷ್ಟು ಬಡ್ಕೊಂಡ್ರೂ ಜನ ಬಾಗಿಲಲ್ಲೇ ಜೋತಾಡ್ತಾರೆ. ಅಲ್ಲಿ ಕಿಟಕಿ ಸೀಟಿದೆ ಅಂದು ನೋಡು, ಒಬ್ಬರನ್ನೊಬ್ಬರು ತುಳಿದುಕೊಂಡು ಹೋಗ್ತಾರೆ." ಹಾಗೇ ಆಯಿತು. ದಂಡೆಯ ಬುಡ ಖಾಲಿಯಾಯಿತು, ಆಸನಗಳಿಗೆ ಪೈಪೋಟಿ ಶುರುವಾಯಿತು. ಹಕ್ಕಿಗಳು ಸಮಾಧಾನವಾಗಿ ಮರಿಗಳಿಗೆ ಜೇನುಹುಳ ತಂದು ತಿನ್ನಿಸಿದವು. ಅವತ್ತು ನನಗೆ ಅತ್ತಿಗೆಯ ಮೇಲೆ ಎಂಥ ಹೆಮ್ಮೆ ಬಂತೆಂದರೆ, ಎದುರಿಗೇ ಹೊಗಳಿಬಿಟ್ಟೆ. ನಮ್ಮ ಮನೆಯಲ್ಲಿ ಹೊಗಳಿಕೆ ಅಪರೂಪ. ಅವರು ನನಗೆ ಜ್ವರವೇನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದರು.

ಅಷ್ಟರಲ್ಲಿ ರಸ್ತೆಯ ಸುದ್ದಿ ಬಂತು.

ನಮ್ಮ ಜಮೀನಿನ ಪಕ್ಕ ದೊಡ್ಡ ಗೋದಾಮು ಎದ್ದಿತ್ತು. ಲಾರಿಗಳಿಗೆ ಹೆದ್ದಾರಿಗೆ ಹೋಗಲು ಹತ್ತಿರದ ದಾರಿ ಬೇಕಂತೆ. ನಗರಸಭೆಯ ನಕ್ಷೆಯಲ್ಲಿ ಆ ದಾರಿ ನಮ್ಮ ಹೊಂಡವನ್ನು ಮುಚ್ಚಿ, ದಂಡೆಯನ್ನು ಕೆಡವಿ, ನದಿಯ ಅಂಚಿಗೆ ಕಾಂಕ್ರೀಟು ಗೋಡೆ ಕಟ್ಟಿಸಿಕೊಂಡು ಹಾದುಹೋಗಿತ್ತು. ಜಮೀನು ಅಣ್ಣನ ಹೆಸರಲ್ಲೂ ನನ್ನ ಹೆಸರಲ್ಲೂ ಇದ್ದದ್ದು. "ಕೊಟ್ಟು ಕೈ ತೊಳ್ಕೊಳ್ಳೋಣ" ಎಂದವಳು ನಾನೇ. ಈಗಲೂ ಅದೇನೂ ಪೆದ್ದು ಮಾತೆಂದು ನನಗನಿಸುವುದಿಲ್ಲ. ಸರ್ಕಾರದ ರಸ್ತೆಗೆ ಅಡ್ಡ ಮಲಗಿ ಗೆದ್ದವರನ್ನು ನಾನು ಕಂಡಿಲ್ಲ.

ಅತ್ತಿಗೆ ಅಡ್ಡ ಮಲಗಲಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಮೇಡಂ ಒಬ್ಬರನ್ನು ಹಿಡಿದು ತಂದರು. ಹಿಂದೆ ಅವರ ಬಸ್ಸಿನಲ್ಲೇ ದಿನಾ ಓಡಾಡುತ್ತಿದ್ದವರಂತೆ. ಕುತ್ತಿಗೆಗೆ ದುರ್ಬೀನು ಜೋತುಹಾಕಿಕೊಂಡು ಬರುವ ಅವರನ್ನು ನಾವು 'ಹಕ್ಕಿ ಮೇಡಂ' ಎಂದೇ ಕರೆದೆವು. ಅವರು ದಂಡೆ ನೋಡಿ ಕೈಮೇಲೆ ಕೈ ಹೊಡೆದು, "ಇವು ಕಳ್ಳಿಪೀರ ಹಕ್ಕಿಗಳು. ಇಷ್ಟು ದೊಡ್ಡ ಸಂಸಾರ ಒಂದೇ ಕಡೆ ಇರೋದನ್ನ ನಾನು ನೋಡೇ ಇಲ್ಲ" ಎಂದರು. "ಕೇಳದೆ ಬಂದು ಸೇರಿಕೊಂಡವಲ್ಲ, ಕಳ್ಳಿಯರೇ ಸರಿ" ಎಂದು ಅತ್ತಿಗೆ ನಕ್ಕರು.

ದಾರಿಯೊಂದಿದೆ ಎಂದು ಹೇಳಿಕೊಟ್ಟದ್ದೂ ಹಕ್ಕಿ ಮೇಡಮ್ಮೇ. ನಗರಸಭೆಗೆ ಒಂದು ನದಿ ಸಮಿತಿಯಿದೆ. ಮಾಲೀಕರು ಒಪ್ಪಿ ಬಿಟ್ಟುಕೊಟ್ಟರೆ, ಕಾಡುಜೀವಿಗಳು ನೆಲೆ ನಿಂತ ಜಾಗ ಎಂದು ಸಮಿತಿಗೆ ಮನವರಿಕೆಯಾದರೆ, ಅದನ್ನು ಜೀವಿಗಳಿಗೂ ಜನರ ಓಡಾಟಕ್ಕೂ ಕಾಯಂ ಆಗಿ ಮೀಸಲಿಡಬಹುದು. ಆಮೇಲೆ ರಸ್ತೆಯವರೂ ಮುಟ್ಟುವಂತಿಲ್ಲ, ನಾವೂ ಮುಟ್ಟುವಂತಿಲ್ಲ. ಸಮಿತಿ ಚಳಿಗಾಲದ ಕೊನೆಗೆ ಬರುತ್ತದೆ. ಹಕ್ಕಿಗಳು ಆಗ ಇರುವುದಿಲ್ಲ, ಆದರೆ ದಂಡೆಯ ತುಂಬ ಅವು ಕೊರೆದದ್ದು ಇರುತ್ತದಲ್ಲ, ಅದೇ ಸಾಕ್ಷಿ ಎಂದು ಮೇಡಂ ಅತ್ತಿಗೆಗೆ ಹೇಳಿದ್ದರಂತೆ. ಅಣ್ಣನಿಗೂ ನನಗೂ ಈ ಸಾಕ್ಷಿಯ ಮಾತು ಗೊತ್ತಾದದ್ದು ಆಮೇಲೆ.

ಅಣ್ಣ ಅರೆಮನಸ್ಸಿನಿಂದ ಒಪ್ಪಿದ. ಹೆಂಡತಿಯ ಮಾತಿಗೆ ಇಲ್ಲವೆಂದು ಅವನಿಗೆ ಅಭ್ಯಾಸವಿಲ್ಲ. ಆದರೆ ಒಳಗೊಳಗೆ ಅವನಿಗೆ ಒಂದು ಕೊರಗಿತ್ತು, ನನಗೆ ಗೊತ್ತು. ಊರೆಲ್ಲ ಹೊಂಡ ನೋಡಲು ಬರುತ್ತಿತ್ತು. ಪಕ್ಕದಲ್ಲೇ ಇದ್ದ ಅವನ ಗೂಡನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಸಮಿತಿ ಬರುವ ವಾರ ಅತ್ತಿಗೆ ಊರಲ್ಲಿರಲಿಲ್ಲ. ಅವರ ತಂಗಿಗೆ ಆಪರೇಷನ್ ಆಗಿತ್ತು, ನೋಡಿಕೊಳ್ಳಲು ಹೋಗಿದ್ದರು. ನಾನು ಅಣ್ಣನ ಮನೆಯ ಕಿಟಕಿ ಪರದೆಗೆ ಅಳತೆ ತೆಗೆಯುತ್ತಿದ್ದಾಗ ಹಕ್ಕಿ ಮೇಡಂ ಫೋನು ಮಾಡಿದರು. ಅಣ್ಣನಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಫೋನನ್ನು ಗಟ್ಟಿಯಾಗಿ ಕೇಳುವ ಹಾಗೆ ಮೇಜಿನ ಮೇಲಿಟ್ಟಿದ್ದ. ಹೀಗಾಗಿ ಪ್ರತಿಯೊಂದು ಮಾತೂ ನನಗೆ ಕೇಳಿಸಿತು.

"ಸರ್, ಒಂದೇ ಒಂದು ವಿನಂತಿ. ಸಮಿತಿಯವರು ಬಂದು ನೋಡೋ ತನಕ ಗೂಡು ಮುಟ್ಟಬೇಡಿ. ಹೇಗಿದೆಯೋ ಹಾಗೇ ಇರಲಿ."

"ಅವರು ಗೂಡು ನೋಡೋಕೆ ಬರ್ತಾರಾ?" ಎಂದ ಅಣ್ಣ.

"ಮತ್ತೆ? ಅದಕ್ಕೇ ತಾನೇ ಬರೋದು! ಇಂಥ ಗೂಡು ಈ ನದಿಯುದ್ದಕ್ಕೂ ಇನ್ನೆಲ್ಲೂ ಇಲ್ಲ. ಸುತ್ತಮುತ್ತ ಬೇಕಾದ್ರೆ ಒಂಚೂರು ಚೊಕ್ಕಟ ಮಾಡಿಸಿ, ವಯಸ್ಸಾದವರು ಬರ್ತಾರೆ. ಗೂಡಿಗೆ ಮಾತ್ರ ಯಾರೂ ಕೈ ಹಾಕದ ಹಾಗೆ ನೋಡ್ಕೊಳ್ಳಿ."

ಫೋನು ಇಟ್ಟ ಅಣ್ಣನ ಮುಖ ನೋಡಬೇಕಿತ್ತು. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಮುಖ. "ಕೇಳಿಸ್ಕೊಂಡೆಯಾ? ನದಿಯುದ್ದಕ್ಕೂ ಇಂಥದ್ದಿಲ್ವಂತೆ. ಅಪ್ಪ ಇದ್ದಿದ್ರೆ..." ಎಂದು ಮಾತು ನಿಲ್ಲಿಸಿ ಒಳಗೆ ಹೋದ. ನನಗೂ ಕಣ್ಣು ತುಂಬಿ ಬಂತು. ಗೂಡು ಎಂದರೆ ಬೇರೆ ಏನಾದರೂ ಇದ್ದೀತು ಎಂದು ನನ್ನ ತಲೆಗೆ ಹೊಳೆದಿದ್ದರೆ ಕೇಳಿ. ಹಕ್ಕಿಗಳು ಕೊರೆದದ್ದಕ್ಕೆ ನಮ್ಮ ಮನೆಯಲ್ಲಿ 'ತೂತು' ಎನ್ನುತ್ತಿದ್ದೆವು, ಅತ್ತಿಗೆ ಕೂಡ.

ಮರುದಿನದಿಂದ ಅಣ್ಣ ಮದುಮಗನ ಹಾಗೆ ಓಡಾಡಿದ. ಗೂಡಿನ ಸುತ್ತ ಹಗ್ಗ ಕಟ್ಟಿದ. ಹಲಗೆಯೊಂದರ ಮೇಲೆ ಸುಣ್ಣದಲ್ಲಿ 'ಗೂಡು ಮುಟ್ಟಬೇಡಿ' ಎಂದು ದಪ್ಪಗೆ ಬರೆದು ನೆಟ್ಟ. ಆಮೇಲೆ ಸುತ್ತಮುತ್ತಲಿನ ಚೊಕ್ಕಟಕ್ಕೆ ಕೈ ಹಾಕಿದ. ನಮ್ಮ ಕಸುಬಿನಲ್ಲಿ ಒಂದು ಮರ್ಯಾದೆಯಿದೆ. ಮಣ್ಣು ನೋಡಲು ದೊಡ್ಡವರು ಬರುತ್ತಾರೆಂದರೆ ದಂಡೆಯ ಮುಖವನ್ನು ಹೊಸದಾಗಿ ಕಡಿದು ತೋರಿಸಬೇಕು. ಹಳೆಯ ಮುಖ ತೋರಿಸುವುದು ಕೊಳೆ ಅಂಗಿ ಹಾಕಿಕೊಂಡು ಮದುವೆಗೆ ಹೋದಂತೆ. ಅಣ್ಣ ಹಾರೆ, ಗುದ್ದಲಿ, ಇಬ್ಬರು ಹಳೆಯ ಆಳುಗಳನ್ನು ಕರೆದುಕೊಂಡು, ದಾರಕ್ಕೆ ಗುಂಡು ಕಟ್ಟಿ ನೇರ ನೋಡಿ, ದಂಡೆಯನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಮಾರು ಒಳಕ್ಕೆ ಕಡಿದು ಹಾಕಿದ. ಒಂದು ತೂತೂ ಉಳಿಯಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆಯಂತೆ ನಿಂತಿತ್ತು. ನಾನೂ ಹೋಗಿ ನೋಡಿ, "ಭೇಷ್" ಎಂದು ಬಂದೆ.

ಸಮಿತಿ ಬಂದ ಬೆಳಿಗ್ಗೆಯೇ ಅತ್ತಿಗೆಯೂ ಬಸ್ಸಿಳಿದು, ಕೈಯಲ್ಲಿ ಚೀಲ ಹಿಡಿದುಕೊಂಡು, ನೇರ ದಂಡೆಗೇ ಬಂದರು. ಜೀಪಿನಿಂದ ನಗರಸಭೆಯ ಅಧ್ಯಕ್ಷರು ಇಳಿದರು. ಭಾರಿ ಆಳು, ಮಾತು ಕಡಿಮೆ, ಹೊಳೆಯುವ ಬೂಟು. ಹಿಂದೆ ಒಂದಿಬ್ಬರು ಸದಸ್ಯರು, ಹಕ್ಕಿ ಮೇಡಂ. ಅಣ್ಣ ಅವರನ್ನು ಸೀದಾ ಇಟ್ಟಿಗೆ ಗೂಡಿನ ಮುಂದೆ ನಿಲ್ಲಿಸಿ, ಒಲೆಬಾಯಿ ಎಲ್ಲಿ, ಹೊಗೆ ಹೇಗೆ ಹೋಗುತ್ತದೆ, ಒಳಗೆ ಇಟ್ಟಿಗೆ ಯಾವ ಸಾಲಿನಲ್ಲಿ ಪೇರಿಸಬೇಕು ಎಂದು ವಿವರಿಸತೊಡಗಿದ. ಸದಸ್ಯರು ಮುಖಮುಖ ನೋಡಿಕೊಂಡರು.

"ಸರ್, ಇದೆಲ್ಲ ಆಮೇಲೆ" ಎಂದರು ಹಕ್ಕಿ ಮೇಡಂ. "ಮೊದಲು ಗೂಡು ತೋರಿಸಿ."

"ಇದೇ ಅಲ್ವಾ ಮೇಡಂ!" ಅಣ್ಣ ಹಲಗೆ ತೋರಿಸಿದ. "ನೀವು ಹೇಳಿದ ಮೇಲೆ ಒಂದು ಇಟ್ಟಿಗೆ ಅಲುಗಾಡಿಸಿಲ್ಲ."

ಮೇಡಂ ಹಲಗೆ ಓದಿದರು. ನಿಧಾನವಾಗಿ ತಿರುಗಿ ಹೊಂಡದ ಕಡೆ ನೋಡಿದರು. ನುಣ್ಣಗೆ ಹೊಳೆಯುತ್ತಿದ್ದ ದಂಡೆ ನೋಡಿದರು. ಅವರ ಬಾಯಿಂದ ಬಂದದ್ದು ಎರಡೇ ಮಾತು. "ಹಕ್ಕಿ ಗೂಡು, ಸರ್. ಹಕ್ಕಿ ಗೂಡು."

ಅಣ್ಣ ನನ್ನ ಕಡೆ ನೋಡಿದ, ನಾನು ನನ್ನ ಕಾಲುಂಗುರ ನೋಡಿದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೆ ಅಲ್ಲಿದ್ದ ಬಾಯಿಗಳನ್ನೆಲ್ಲ ಅಣ್ಣ ಆಗಲೇ ಕಡಿದು ಹಾಕಿದ್ದ.

ಅಧ್ಯಕ್ಷರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. "ನಾವೀಗ ನೋಡಬೇಕಾಗಿರೋದು ಏನು? ಒಂದು ಮಣ್ಣಿನ ಗೋಡೆ, ಒಂದು ಹಾಳು ಬಿದ್ದ ಇಟ್ಟಿಗೆ ಗೂಡು. ಇದರಲ್ಲಿ ಮೀಸಲಿಡೋಕೆ ಏನಿದೆ ಮೇಡಂ? ರಸ್ತೆ ನಕ್ಷೆ ಮುಂದಿನ ಸಭೆಗೆ ಬರ್ತಿದೆ." ಸದಸ್ಯರೊಬ್ಬರು ಆಗಲೇ ಜೀಪಿನ ಕಡೆ ಹೆಜ್ಜೆ ಹಾಕಿದ್ದರು.

ಆಗ ಅತ್ತಿಗೆ ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಗಂಡನನ್ನು ಅಲ್ಲೇ ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಅವರು ಮೊದಲು ಅಣ್ಣನ ಹತ್ತಿರ ಹೋಗಿ, ಅವನ ಹೆಗಲ ಮೇಲಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದರು. ಚೀಲವನ್ನು ಅವನ ಕೈಗೆ ಕೊಟ್ಟರು, ಹಿಡಿದುಕೊಳ್ಳಲು ಅವನಿಗೇನಾದರೂ ಬೇಕಿತ್ತು. ಆಮೇಲೆ ತಿರುಗಿ, ಇಡೀ ಬಸ್ಸಿಗೆ ಕೇಳಿಸುವ ಆ ಗಂಟಲಿನಲ್ಲಿ ಕರೆದರು.

"ಅಧ್ಯಕ್ಷರೇ, ಸ್ವಲ್ಪ ನಿಲ್ಲಿ!"

ಜೀಪಿನ ಬಾಗಿಲಿಗೆ ಕೈಯಿಟ್ಟವರೂ ನಿಂತರು.

"ತಪ್ಪು ನಮ್ಮದೇ, ಅದಕ್ಕೆ ಎರಡು ಮಾತಿಲ್ಲ. ನಮ್ಮ ಮನೆಯಲ್ಲಿ ಗೂಡು ಅಂದ್ರೆ ಇಟ್ಟಿಗೆ ಗೂಡೇ. ಗೂಡು ಮುಟ್ಟಬೇಡಿ ಅಂತ ಮೇಡಂ ಅಂದ್ರು, ಇವರು ಮುಟ್ಟಲಿಲ್ಲ. ಆದ್ರೆ ನೀವೂ ಒಂದು ವಿಚಾರ ಮಾಡಿ. ಕೊನೇ ಸ್ಟಾಪಲ್ಲಿ ನಿಂತ ಬಸ್ಸು ಖಾಲಿ ಇರುತ್ತೆ. ಅದನ್ನ ನೋಡಿ ಈ ರೂಟಲ್ಲಿ ಜನವೇ ಇಲ್ಲ ಅಂತ ಯಾರಾದ್ರೂ ಬಸ್ಸು ರದ್ದು ಮಾಡ್ತಾರಾ? ಹೊರಡೋ ಹೊತ್ತಿಗೆ ಬಂದು ನೋಡಿ. ಬಿಸಿಲೇರಲಿ, ಹಕ್ಕಿ ಬರಲಿ. ಬರದೇ ಹೋದ್ರೆ ನಾನೇ ಬಂದು ನಿಮ್ಮ ರಸ್ತೆಗೆ ಮೊದಲನೇ ಕಲ್ಲು ಹಾಕ್ತೀನಿ."

ಅಧ್ಯಕ್ಷರ ಮೀಸೆಯಡಿ ನಗು ಕಾಣಿಸಿತು. "ನೀವು ಆ ಹಳೇ ಪೇಟೆ ರೂಟಿನ ಕಂಡಕ್ಟರ್ ಅಲ್ವಾ? ಕಾಲೇಜಿಗೆ ಹೋಗುವಾಗ ನನ್ನನ್ನ ಫುಟ್‌ಬೋರ್ಡಿಂದ ಕಿವಿ ಹಿಡಿದು ಒಳಗೆ ಎಳೆದಿದ್ರಿ" ಎಂದರು. ನಕ್ಷೆಯನ್ನು ಬಿಸಿಲುಗಾಲದವರೆಗೆ ತಡೆಹಿಡಿಯಲು ಒಪ್ಪಿದರು. ಆದರೆ ಹೋಗುವಾಗ ಖಡಾಖಂಡಿತವಾಗಿ ಹೇಳಿಯೇ ಹೋದರು: ಹಕ್ಕಿ ಬಂದು ಗೂಡು ಮಾಡಿದರೆ ಮೀಸಲು, ಇಲ್ಲವಾದರೆ ರಸ್ತೆ.

ಆಮೇಲಿನ ದಿನಗಳು ಕೆಟ್ಟವು. ಅಣ್ಣ ತಟ್ಟೆಯ ಮುಂದೆ ಕೂತು ಅನ್ನವನ್ನು ಅತ್ತಿಂದಿತ್ತ ಸರಿಸಿ ಎದ್ದುಬಿಡುತ್ತಿದ್ದ. ಒಂದು ದಿನ ಅವನನ್ನು ಹುಡುಕಿಕೊಂಡು ದಂಡೆಗೆ ಹೋದೆ. ಏಣಿ ಹಾಕಿಕೊಂಡು, ಹಾರೆ ಹಿಡಿದು, ದಂಡೆಯಲ್ಲಿ ತಾನೇ ತೂತು ಕೊರೆಯುತ್ತಿದ್ದ! ಒಂದರ ಪಕ್ಕ ಒಂದು, ದಾರ ಹಿಡಿದು ಮಟ್ಟ ನೋಡಿ, ಸರ್ಕಾರಿ ಕಟ್ಟಡದ ಕಿಟಕಿಗಳ ಹಾಗೆ. ನನಗೆ ನಗು ಬಂತು, ಅಣ್ಣನ ಮುಖ ನೋಡಿ ನಗು ಗಂಟಲಲ್ಲೇ ನಿಂತಿತು. ಅತ್ತಿಗೆ ಬಂದು ಏಣಿಯ ಬುಡ ಹಿಡಿದುಕೊಂಡರು. "ಇಳೀರಿ. ಮನೆ ಕಟ್ಟೋಕೆ ಅವಕ್ಕೆ ಬರುತ್ತೆ. ನೀವು ಬಿದ್ದು ಕಾಲು ಮುರ್ಕೊಂಡ್ರೆ ನಿಮ್ಮನ್ನ ಯಾವ ಮೀಸಲು ಜಾಗದಲ್ಲಿ ಇಡಲಿ ನಾನು?" ಎಂದರು. ಅವನು ಇಳಿದ. ಕೊರೆದ ತೂತುಗಳನ್ನು ತಾನೇ ಮಣ್ಣು ಮೆತ್ತಿ ಮುಚ್ಚಿದ.

ಅತ್ತಿಗೆ ಎಲ್ಲರ ಮುಂದೆ ಹೀಗೆ ಗಟ್ಟಿಯಾಗಿದ್ದರು. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಗಿರಾಕಿಗಳು ಹೋಗುವವರೆಗೆ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ಆಮೇಲೆ, "ಸೂಜಿ, ಹಕ್ಕಿ ಬರದೇ ಹೋದ್ರೆ ಏನೇ ಮಾಡೋದು?" ಎಂದರು.

"ಏನು ಮಾಡೋದು, ಜನಕ್ಕೆ ಓಡಾಡೋಕೆ ಬೇರೆ ಜಾಗ ಹುಡುಕಿದ್ರಾಯ್ತು" ಎಂದೆ, ಗುಂಡಿ ಹೊಲಿಯುತ್ತಾ.

"ಜನ ಹೇಗೋ ಮಾಡ್ಕೊಳ್ತಾರೆ. ಹಕ್ಕಿನೂ ಇನ್ನೊಂದು ದಂಡೆ ನೋಡ್ಕೊಳ್ಳುತ್ತೆ ಅನ್ನು. ನಿಮ್ಮಣ್ಣ? ಹೊಂಡ ಮುಚ್ಚಿಸಿದ್ದು ನಾನೇ ಅಂತ ಇರೋವಷ್ಟು ದಿನ ಅಂದ್ಕೊಳ್ತಾರೆ. ನನ್ನ ಕಣ್ಣೆದುರಿಗೇ ಕರಗಿ ಹೋಗ್ತಾರೆ. ನಾನು ಬೇಡಿದ್ದಕ್ಕೆ ತಾನೇ ಅವರು ಇದಕ್ಕೆ ಕೈ ಹಾಕಿದ್ದು?"

ಅಷ್ಟು ಹೇಳಿ ಅತ್ತರು. ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ಕೈಗೆ ಸಿಕ್ಕ ಒಂದು ತುಂಡು ಅರಿವೆ ಕೊಟ್ಟೆ. ಕಣ್ಣೊರೆಸಿಕೊಂಡು, "ಇದು ಯಾರದೋ ರವಿಕೆ ತೋಳಲ್ವೇನೇ?" ಎಂದು ಬೈದು ಎದ್ದು ಹೋದರು. ನನಗೆ ಆ ಮನುಷ್ಯೆಯ ಮೇಲೆ ಇರುವ ಪ್ರೀತಿ ಎಷ್ಟೆಂದು ಅವತ್ತು ನನಗೇ ಗೊತ್ತಾಯಿತು.

ಬಿಸಿಲೇರಿತು. ನದಿ ಇಳಿಯಿತು. ಬೆಳಗಾದರೆ ಅಣ್ಣ, ಅತ್ತಿಗೆ, ಮೇಡಂ ಮೂವರೂ ಹೊಂಡದಾಚೆಯ ದಿಮ್ಮಿಯ ಮೇಲೆ, ಬಾರದ ಬಸ್ಸಿಗೆ ಕಾಯುವವರಂತೆ ಕೂತಿರುತ್ತಿದ್ದರು. ಓಣಿಯವರೂ ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರು. ಏನಾದರೂ ಕಂಡಿತೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವು ಬಂದಾಗ ನಾನು ಅಂಗಡಿಯಲ್ಲಿದ್ದೆ. ಅಣ್ಣ ಫೋನು ಮಾಡಿದ. ಹಿಂದಿನಿಂದ ಮೇಡಂ ಚಿಕ್ಕ ಹುಡುಗಿಯ ಹಾಗೆ ಕೂಗುತ್ತಿದ್ದದ್ದು ಮಾತ್ರ ಕೇಳಿಸಿತು. ಮಿಷನ್ನು ಹಾಗೇ ಬಿಟ್ಟು ಓಡಿದೆ. ಆಕಾಶದ ತುಂಬ ಹಸಿರು. ಗಾಳಿಯಲ್ಲಿ ತೇಲಿ, ಜಾರಿ, ಥಟ್ಟನೆ ತಿರುಗಿ ಹುಳ ಹಿಡಿದು ಕೊಂಬೆಗೆ ಬಡಿಯುತ್ತಿದ್ದವು. ಮೊದಲು ಒಂದು ಹಕ್ಕಿ ದಂಡೆಗೆ ಬಂದು ಅಂಟಿಕೊಂಡು ಕೊಕ್ಕಿನಿಂದ ಕುಟ್ಟಿ ನೋಡಿತು. ಹಾರಿ ಹೋಯಿತು. ಮತ್ತೆ ಬಂತು, ಜೊತೆಯಲ್ಲಿ ಇನ್ನೊಂದು. ಸಂಜೆಯ ಹೊತ್ತಿಗೆ ದಂಡೆಯ ಉದ್ದಕ್ಕೂ ಕೊರೆತವೋ ಕೊರೆತ. ಒಳಗೆ ಹೊಕ್ಕ ಹಕ್ಕಿ ಕಾಲಿನಿಂದ ಮಣ್ಣನ್ನು ಹಿಂದಕ್ಕೆ ಚಿಮ್ಮಿದರೆ ಹೊರಗೆ ಸಣ್ಣ ಧಾರೆಯಾಗಿ ಸುರಿಯುತ್ತಿತ್ತು. ಹಿಂದಿನ ಯಾವ ವರ್ಷವೂ ಅಷ್ಟು ತೂತುಗಳನ್ನು ನಾವು ಕಂಡಿರಲಿಲ್ಲ.

"ಹೊಸದಾಗಿ ಕಡಿದ ದಂಡೆ ಅಂದ್ರೆ ಅವಕ್ಕೆ ಇಷ್ಟ ಸರ್" ಎಂದರು ಮೇಡಂ, ಕಣ್ಣೊರೆಸಿಕೊಳ್ಳುತ್ತಾ. "ಹಳೇದರಲ್ಲಿ ಹುಳಹುಪ್ಪಟೆ ಸೇರ್ಕೊಂಡಿರುತ್ತೆ, ಮಣ್ಣು ಸಡಿಲ ಆಗಿರುತ್ತೆ. ಬರಬಹುದು ಅಂತ ನನಗೆ ಅನ್ನಿಸ್ತಿತ್ತು. ಆದ್ರೆ ನಿಮಗೆ ಸುಮ್ಮನೆ ಆಸೆ ಹುಟ್ಟಿಸಿ, ಬರದೇ ಹೋದ್ರೆ ಅಂತ ಬಾಯಿ ಬಿಡಲಿಲ್ಲ."

ಅಣ್ಣ ಅತ್ತಿಗೆಯ ಪಕ್ಕದಲ್ಲಿ ಕೂತು, ಅಷ್ಟು ಜನರ ಮುಂದೆ, ಅವರ ಕೈ ಹಿಡಿದುಕೊಂಡ. ಅವರು ಬಿಡಿಸಿಕೊಳ್ಳಲಿಲ್ಲ. ನಾನು ಬೇರೆ ಕಡೆ ನೋಡಿದೆ.

ಸಮಿತಿ ಎರಡನೆಯ ಸಲ ಬಂದಾಗ ವಿವರಿಸಲು ಯಾರೂ ಬಾಯಿ ತೆರೆಯಬೇಕಾಗಲಿಲ್ಲ. ಅಧ್ಯಕ್ಷರು ದಿಮ್ಮಿಯ ಮೇಲೆ ಕೂತರು, ಮೇಡಮ್ಮಿನ ದುರ್ಬೀನು ಇಸಿದುಕೊಂಡರು. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು, 'ಶ್' ಎಂದು ಜೇಬಿಗೇ ಗದರಿದರು. ಮುಂದಿನ ಸಭೆಯಲ್ಲಿ ರಸ್ತೆ ಸುತ್ತುಬಳಸಿ ಹೋಯಿತು, ದಂಡೆ ಮೀಸಲಾಯಿತು. ಅಣ್ಣನೂ ನಾನೂ ಸಹಿ ಹಾಕಿದೆವು. ಹಕ್ಕಿಗಳು ಹೋದ ಮೇಲೆ ವರ್ಷಕ್ಕೊಮ್ಮೆ ದಂಡೆಯ ಸ್ವಲ್ಪ ಭಾಗವನ್ನು ಹೊಸದಾಗಿ ಕಡಿದುಕೊಡಬೇಕೆಂದು ಸಮಿತಿ ಅಣ್ಣನನ್ನೇ ಕೇಳಿಕೊಂಡಿತು. ಈಗ ಅವನಿಗೆ ಆ ಕೆಲಸದ ಬಗ್ಗೆ ಇರುವ ಜಂಬ ಇಟ್ಟಿಗೆ ಮಾಡುವಾಗಲೂ ಇರಲಿಲ್ಲ.

ಇಟ್ಟಿಗೆ ಗೂಡನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. ಅದು ವಾಲುತ್ತಿತ್ತು, ಮಕ್ಕಳ ಮೇಲೆ ಬಿದ್ದರೆ ಕಷ್ಟ. ಬೇರೆ ಯಾರೂ ಹೇಳುವ ಮುಂಚೆ ಅಣ್ಣನೇ ಹೇಳಿದ, "ಬಿಚ್ಚೋಣ." ಯಾರನ್ನೂ ಹತ್ತಿರ ಸೇರಿಸದೆ ತಾನೇ ಒಂದೊಂದು ಇಟ್ಟಿಗೆ ಬಿಚ್ಚಿದ. ಅದೇ ಇಟ್ಟಿಗೆಯಿಂದ ನದಿಯಂಚಿನಲ್ಲಿ ನಡೆದಾಡುವ ದಾರಿ ಹಾಸಿದ. ಗಾಲಿಕುರ್ಚಿಯಲ್ಲಿ ಬರುವವರಿಗೂ ಸರಾಗವಾಗುವಷ್ಟು ಮಟ್ಟಸವಾಗಿ ಹಾಸಿದ್ದಾನೆ, ಯಾರು ಬೇಕಾದರೂ ಹೋಗಿ ನೋಡಬಹುದು.

ಮುಂದಿನ ವರ್ಷ ಹಕ್ಕಿಗಳು ಬಂದು ಮರಿ ಮಾಡಿದ ಹೊತ್ತಿಗೆ, ಒಂದು ಭಾನುವಾರ, ಅತ್ತಿಗೆಯೂ ನಾನೂ ಹೋದೆವು. ಜನವೋ ಜನ. ನಮಗೆ ಗುರುತಿಲ್ಲದವರೇ ಹೆಚ್ಚು. ದಂಡೆಯ ಬುಡದಲ್ಲಿ ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಕವರೊಂದು ಜೊಂಡಿಗೆ ಸಿಕ್ಕಿಕೊಂಡು ಪಟಪಟ ಎನ್ನುತ್ತಿತ್ತು. ಅತ್ತಿಗೆಗೆ ತಡೆಯಲಾಗಲಿಲ್ಲ. ಅಡ್ಡ ಕಟ್ಟಿದ್ದ ಬೇಲಿ ಸರಿಸಿ ಒಂದು ಕಾಲು ಆ ಕಡೆ ಇಟ್ಟರು.

"ಅಮ್ಮಾ! ಆ ಕಡೆ ಹೋಗಬೇಡಿ!"

ತಿರುಗಿ ನೋಡಿದೆವು. ಬಗಲಲ್ಲಿ ಕೂಸು ಎತ್ತಿಕೊಂಡ ಒಬ್ಬ ಹೆಂಗಸು. ಬೆವರೊರೆಸಿಕೊಳ್ಳುತ್ತಾ ಓಡಿ ಬಂದಿದ್ದಳು. ಅವಳನ್ನು ನಾವು ಎಲ್ಲೂ ಕಂಡಿರಲಿಲ್ಲ, ಅವಳೂ ನಮ್ಮನ್ನು ಕಂಡಿರಲಿಲ್ಲ. "ಅಲ್ಲಿಗೆ ಯಾರೂ ಹೋಗೋ ಹಾಗಿಲ್ಲ. ನಮ್ಮ ಹಕ್ಕಿ ಮರಿ ಮಾಡಿವೆ. ಆ ಕವರ್ ಬೇಕಾದ್ರೆ ಕಾವಲಿನವರಿಗೆ ಹೇಳ್ತೀನಿ, ಅವರು ಕೋಲಲ್ಲಿ ತೆಗೀತಾರೆ. ನೀವು ಈಚೆ ಬನ್ನಿ. ದೊಡ್ಡವರೇ ಹೀಗೆ ಮಾಡಿದ್ರೆ ಹೇಗೆ?"

ನನ್ನ ನಾಲಿಗೆ ಸುಮ್ಮನಿರುತ್ತದೆಯೇ? "ಏನಮ್ಮಾ, ಇದು ಯಾರ ಜಾಗ ಗೊತ್ತಾ ನಿನಗೆ?" ಎಂದು ಶುರುಮಾಡಿದೆ. ಅತ್ತಿಗೆ ನನ್ನ ತೋಳನ್ನು ಎಷ್ಟು ಜೋರಾಗಿ ಚಿವುಟಿದರೆಂದರೆ ಮಾತು ಅರ್ಧಕ್ಕೇ ನಿಂತಿತು.

"ತಪ್ಪಾಯ್ತು ಕಣಮ್ಮಾ" ಎಂದು ಕಾಲು ಹಿಂದೆ ತೆಗೆದು, ಬೇಲಿಯನ್ನು ಮೊದಲಿದ್ದಂತೆಯೇ ಸರಿಮಾಡಿದರು. ಆ ಹೆಂಗಸು ತಲೆಯಾಡಿಸಿ, ಕೂಸಿಗೆ ಬೆರಳು ಮಾಡಿ ಹಕ್ಕಿ ತೋರಿಸುತ್ತಾ ಹೋದಳು.

ನನಗೆ ಇನ್ನೂ ಉರಿಯುತ್ತಿತ್ತು. ತೋಳು ಉಜ್ಜಿಕೊಳ್ಳುತ್ತಾ ಅತ್ತಿಗೆಯ ಕಡೆ ತಿರುಗಿದರೆ, ಅವರ ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಕೇಳಿಸ್ಕೊಂಡೆಯಾ ಸೂಜಿ?" ಎಂದರು, ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. "ನಮ್ಮ ಹಕ್ಕಿ ಅಂದಳು ಕಣೇ."